ದೇವಗಿರಿ ಹತ್ತಿ ಬಂದ್ವಿ: ಇಂಥ ಕೋಟೆ ಬಿದ್ದದ್ದಾದರೂ ಹೇಗೆ?

ಮಲಪ್ರಭೆಯ ದಂಡೆ
ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಮಂದಿಯೆಲ್ಲ ಎಲ್ಲೋರ ನೋಡೋಕೆ ಹೊರಟಿದ್ವಿ. ಔರಂಗಾಬಾದ್, ಅಂದ್ರೆ ಈಗಿನ ಛತ್ರಪತಿ ಸಂಭಾಜಿನಗರ ಬಿಟ್ಟು 15 ಕಿಲೋಮೀಟರ್ ಆಗೋದ್ರೊಳಗೆ ಬಯಲಲ್ಲಿ ಒಂಟಿ ಗುಡ್ಡ ಕಂಡಿತು. ಕೆಳಗೆ ಕುಡುಗೋಲಲ್ಲಿ ಸವರಿದ ಹಾಗೆ ನೆಟ್ಟಗೆ ನಿಂತ ಬಂಡೆ, ಮೇಲೆ ಗೋಪುರದ ಹಾಗೆ ಚೂಪು. ದೌಲತಾಬಾದ್, ಹಳೇ ದೇವಗಿರಿ. ಅರ್ಧ ತಾಸು ನೋಡಿ ಮುಂದೆ ಹೋಗೋಣ ಅಂದುಕೊಂಡು ಗಾಡಿ ನಿಲ್ಲಿಸಿದ್ದು, ಇಡೀ ದಿನ ಅಲ್ಲೇ ಕಳೀತು.

ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಅದು ದಾಟಿದರೆ ಮತ್ತೊಂದು. ಯಾವುದೂ ಒಂದಕ್ಕೊಂದು ನೇರ ಇಲ್ಲ. ಆಮೇಲೆ ಹಸಿರು ನೀರು ನಿಂತ ಕಂದಕ, ಅದರ ಮೇಲೆ ಈಗ ಕಬ್ಬಿಣದ ಸೇತುವೆ. ಅದಾದ ಮೇಲೆ ಬಂಡೆಯೊಳಗೇ ಕೊರೆದ ಸುರಂಗ, ಅಂಧೇರಿ ಅಂತಾರೆ ಅದಕ್ಕೆ. ನಮ್ಮವ್ವ ಎಷ್ಟು ಹೇಳಿದರೂ ಕೆಳಗೆ ಕೂಡಲಿಲ್ಲ. ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಅಂಗೈ ಗೋಡೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು. ಬಾವಲಿಗಳ ನಾತ ಮೂಗಿಗೆ ಅಡರುತ್ತಿತ್ತು. ನಡುವೆ ಗೈಡ್ ಬ್ಯಾಟರಿ ಆರಿಸಿಬಿಟ್ಟ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕತ್ತಲು. ಆ ಕತ್ತಲಲ್ಲಿ ಅವ್ವ ಅಂದಳು: "ಇಲ್ಲಿ ಕಲ್ಲು ನುಣ್ಣಗದ ನೋಡು. ನನ್ನಂಗ ಎಷ್ಟು ಮಂದಿ ಕೈ ಊರಿ ಹತ್ಯಾರೋ."

ಬಂದಾಗಿನಿಂದ ಎರಡು ಪ್ರಶ್ನೆ ತಲೆಯಲ್ಲಿ ಕೊರೀತಿವೆ. ಈ ಗುಡ್ಡವನ್ನ ಹೀಗೆ ಕಡಿದವರು ಯಾರು? ಮತ್ತೆ, ಇಂಥ ಕೋಟೆ ಇಟ್ಟುಕೊಂಡು ದೇವಗಿರಿಯ ರಾಜ ರಾಮಚಂದ್ರರಾಯ 1296ರಲ್ಲಿ ಅಲಾವುದ್ದೀನ್ ಖಿಲ್ಜಿಗೆ ಅಷ್ಟು ಬೇಗ ಯಾಕೆ ಸೋತ? ಗೈಡ್ ಹೇಳಿದ ಕಥೆ ಕೇಳಿ ಸಮಾಧಾನ ಆಗಲಿಲ್ಲ. ಬಲ್ಲವರು ಹೇಳಿ.

ಟ್ರೆಕ್ಕಿಂಗ್ ತಂಗಿ
ಅಕ್ಕ, ಅಮ್ಮನಿಗೆ ನನ್ನ ಕಡೆಯಿಂದ ದೊಡ್ಡ ನಮಸ್ಕಾರ! ನಾನು ಅಂಧೇರಿ ಬಾಗಿಲಿಗೆ ಹೋಗಿ ಬಾವಲಿ ನೋಡಿ ವಾಪಸ್ ಬಂದವಳು. ಪಕ್ಕದ ಹೊರಗಿನ ಮೆಟ್ಟಿಲಿನಿಂದ ಹತ್ತಿದೆ.

ಶಾಸನಪ್ರಿಯ
ಒಳ್ಳೆ ಪ್ರಶ್ನೆ. ಕೋಟೆಗೆ ಬರೋ ಮುಂಚೆ ಕಟ್ಟಿದವರ ಬಗ್ಗೆ ಎರಡು ಮಾತು, ಯಾಕಂದ್ರೆ ಅಲ್ಲಿನ ಫಲಕಗಳಲ್ಲಿ "ಯಾದವರು" ಅಂತ ಒಂದು ಪದ ಬರೆದು ಮುಗಿಸಿರ್ತಾರೆ.

ಇವರು ಸೇವುಣರು. ಮೊದಲು ರಾಷ್ಟ್ರಕೂಟರಿಗೆ, ಆಮೇಲೆ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿ ನಾಸಿಕದ ಹತ್ತಿರದ ಸಿನ್ನರಿನ ಕಡೆ ಆಳಿಕೊಂಡಿದ್ದವರು. ಚಾಲುಕ್ಯರ ಕೈ ಸೋತಾಗ ಐದನೇ ಭಿಲ್ಲಮ ಸ್ವತಂತ್ರನಾದ, 1187ರ ಸುಮಾರಿಗೆ ದೇವಗಿರಿ ರಾಜಧಾನಿ ಆಯಿತು. ಅದೇ ಹೊತ್ತಿಗೆ ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳನೂ ಚಾಲುಕ್ಯರ ನಾಡಿಗೆ ಕೈ ಹಾಕಿದ. ಇಬ್ಬರೂ ಮುಖಾಮುಖಿಯಾದದ್ದು ನಮ್ಮ ಗದಗಿನ ಹತ್ತಿರದ ಸೊರಟೂರಿನಲ್ಲಿ, 1191ರ ಸುಮಾರು. ಭಿಲ್ಲಮ ಸೋತ.

ಸೇವುಣರ ಶಾಸನಗಳಲ್ಲಿ ಕನ್ನಡದವೇ ಬಹಳ. ನಾಣ್ಯಗಳ ಮೇಲೂ ಕನ್ನಡ ಅಕ್ಷರ ಇವೆ. ಮನೆತನದ ಹೆಸರುಗಳನ್ನೇ ನೋಡಿ: ಧಾಡಿಯಪ್ಪ, ವಡ್ಡಿಗ, ರಾಜುಗಿ, ವೇಸುಗಿ, ಕನ್ನರ. ಮಲಪ್ರಭೆಯ ದಂಡೆಯವರೇ, ನಿಮ್ಮ ನದಿಯ ಎರಡೂ ದಂಡೆ ಒಂದು ಕಾಲಕ್ಕೆ ದೇವಗಿರಿಗೆ ಕಂದಾಯ ಕಟ್ಟಿವೆ.

ಪುಣೆಯ ಕನ್ನಡಿಗ
ಶಾಸನಪ್ರಿಯ ಸರ್ ಹೇಳಿದ್ದು ಸರಿ, ಆದ್ರೆ ಅರ್ಧ ಮಾತ್ರ. ಹನ್ನೆರಡು ವರ್ಷದಿಂದ ಇಲ್ಲೇ ಇದ್ದೀನಿ, ಈ ಜಗಳ ಎರಡೂ ಕಡೆಯಿಂದ ಕೇಳಿ ಸಾಕಾಗಿದೆ. ಅದೇ ಸೇವುಣರ ಆಳ್ವಿಕೆಯಲ್ಲೇ ಮರಾಠಿ ಶಾಸನಗಳೂ ಬಂದವು, ಮರಾಠಿ ಸಾಹಿತ್ಯ ಅರಳಿದ್ದೂ ಆಗಲೇ. ಮಂತ್ರಿ ಹೇಮಾದ್ರಿಯ ಹೆಸರಲ್ಲಿ ಇಲ್ಲಿನವರು ಗಾರೆ ಇಲ್ಲದೆ ಕಲ್ಲು ಜೋಡಿಸಿದ ಗುಡಿಗಳನ್ನೆಲ್ಲ ಇವತ್ತಿಗೂ "ಹೇಮಾಡಪಂತಿ" ಅಂತಾರೆ. "ಅವರು ನಮ್ಮವರು, ನಿಮ್ಮವರಲ್ಲ" ಅಂದರೆ 13ನೇ ಶತಮಾನದ ಜನಕ್ಕೇ ಅರ್ಥ ಆಗ್ತಿರಲಿಲ್ಲ. ಒಂದೇ ಅರಮನೆಯಲ್ಲಿ ಎರಡು ಭಾಷೆ ಓಡಾಡುತ್ತಿದ್ದವು.

ಶಾಸನಪ್ರಿಯ
ಒಪ್ಪಿದೆ. "ನಮ್ಮವರು ಮಾತ್ರ" ಅಂತ ನಾನೂ ಅನ್ನಲಿಲ್ಲ. ಆದ್ರೆ ಕನ್ನಡದ ನಂಟನ್ನ ಆ ಜಾಗದಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕು ಅನ್ನೋದು ನನ್ನ ಆಸೆ.

ಉಳಿ ಸುತ್ತಿಗೆ
ನಾನು ಇಳಕಲ್ಲ ಕಡೆಯವ. ನಮ್ಮಪ್ಪ ಕಲ್ಲಿನ ಕೆಲಸದವರು, ನಾನೂ ಕ್ವಾರಿಯಲ್ಲೇ ಬೆಳೆದವ. ಮೂರು ವರ್ಷದ ಹಿಂದೆ ದೇವಗಿರಿಗೆ ಹೋದಾಗ ಕೋಟೆ ನೋಡಲಿಲ್ಲರೀ, ಬರೇ ಬಂಡೆ ನೋಡಿದೆ.

ನಮ್ಮ ಕಡೆ ಕೆಂಪು ಗ್ರಾನೈಟ್. ಸಾಲಾಗಿ ತೂತು ಹೊಡೆದು ಬೆಣೆ ಇಟ್ಟು ಸುತ್ತಿಗೆ ಬಿದ್ದರೆ ಗೆರೆ ಹಿಡಿದು ಸೀಳ್ತದ. ದೇವಗಿರಿದು ಕರಿಕಲ್ಲು, ಲಾವಾ ಹರಿದು ಪದರ ಪದರ ಆಗಿ ಕೂತದ್ದು, 6.6 ಕೋಟಿ ವರ್ಷದ ಹಿಂದಿನದು ಅಂತಾರೆ. ಅದು ಗೆರೆಗೆ ಬಗ್ಗೋದಿಲ್ಲ. ಚಕ್ಕೆ ಚಕ್ಕೆ ಆಗಿ ಏಳ್ತದ. ಅಂದ್ರೆ ಆ ಗುಡ್ಡದ ಸುತ್ತ 50 ಮೀಟರ್ ಹತ್ತಿರ ಹತ್ತಿರ ನೆಟ್ಟಗೆ ಕಡಿದದ್ದು ಬೆಣೆ ಕೆಲಸ ಅಲ್ಲ, ಉಳಿ ಕೆಲಸ. ಚಕ್ಕೆ ಹಾರಿಸಿ ಹಾರಿಸಿ ತೆಗೆದದ್ದು. ಕೆಲವು ಕಡೆ ಉಳಿಯ ಗುರುತು ಇನ್ನೂ ಅದಾವ. ನಾನು ಅದರ ಮೇಲೆ ಬೆರಳು ಇಟ್ಟು ನೋಡಿದೆ. ಓರೆಯಾಗಿ, ಬಲಗೈಯವನು ಹೊಡೆದ ಗುರುತು. ಅಪ್ಪ ಇದ್ದಿದ್ದರೆ ದಿನಕ್ಕೆ ಎಷ್ಟು ಅಡಿ ಆಗಿರ್ತದ ಅಂತ ಲೆಕ್ಕ ಹಾಕಿ ಹೇಳ್ತಿದ್ದರು.

ಅಲ್ಲಿಂದ ಎಲ್ಲೋರ ಹನ್ನೆರಡು ಹದಿಮೂರು ಕಿಲೋಮೀಟರ್ ಅಷ್ಟೇ. ರಾಷ್ಟ್ರಕೂಟರ ಒಂದನೇ ಕೃಷ್ಣ 8ನೇ ಶತಮಾನದಲ್ಲಿ ಅಲ್ಲಿ ಒಂದಿಡೀ ಗುಡಿಯನ್ನ ಮೇಲಿಂದ ಕೆಳಗೆ ಕಡಿಸಿದ. ಅದೇ ಕಲ್ಲು, ಅದೇ ಕಡಿತ. ಆ ಸೀಮೆಯಲ್ಲಿ ಗುಡ್ಡ ಕಡಿಯೋ ಕೈಗಳು ತಲೆತಲಾಂತರದಿಂದ ಇದ್ದವು ಅನ್ನೋದು ನನ್ನ ನಂಬಿಕೆ. ದೇವಗಿರಿ ಗುಡ್ಡದಲ್ಲೇ ಅರ್ಧ ಕಡಿದು ಬಿಟ್ಟ ಗುಹೆಗಳು ಅದಾವ, ಯಾರಾದರೂ ನೋಡೀರೇನು?

ಮಲಪ್ರಭೆಯ ದಂಡೆ
ಬಲಗೈಯ ಗುರುತು! ಅಣ್ಣ, ಇದನ್ನ ಅವ್ವನಿಗೆ ಓದಿ ಹೇಳಿದೆ. "ಹಂಗಾದ್ರ ಇನ್ನೊಮ್ಮೆ ಹೋಗಬೇಕು" ಅಂದಳು.

ದುರ್ಗದ ಹುಡುಗ
ನಾನು ಚಿತ್ರದುರ್ಗದವನು, ನಮ್ಮ ಏಳುಸುತ್ತಿನ ಕೋಟೆ ಬಿಟ್ಟುಕೊಡೋಕೆ ಮನಸ್ಸಿಲ್ಲ 😀 ಆದ್ರೆ ಎರಡರ ಬುದ್ಧಿಯೇ ಬೇರೆ. ದುರ್ಗದಲ್ಲಿ ಬಂಡೆ ಇದ್ದ ಹಾಗೇ ಬಿಟ್ಟು, ಬಂಡೆ ಬಂಡೆ ನಡುವಿನ ಸಂದಿಗೆ ಗೋಡೆ ಕಟ್ಟಿದ್ದಾರೆ. ಯಾವುದು ದೇವರು ಇಟ್ಟ ಕಲ್ಲು, ಯಾವುದು ನಾಯಕರು ಇಟ್ಟ ಕಲ್ಲು ಅಂತ ದೂರದಿಂದ ಗೊತ್ತೇ ಆಗಲ್ಲ. ದೇವಗಿರಿಯಲ್ಲಿ ಗುಡ್ಡದ ಆಕಾರವನ್ನೇ ಬದಲಾಯಿಸಿದ್ದಾರೆ.

ಬಾಗಿಲುಗಳ ವಿಷಯಕ್ಕೆ ಬಂದರೆ ಯುಕ್ತಿ ಒಂದೇ. ದುರ್ಗದಲ್ಲೂ ದಾರಿ ಹಾವಿನ ಹಾಗೆ ತಿರುಗುತ್ತೆ. ಆನೆ ಬಾಗಿಲು ಮುರೀಬೇಕಾದ್ರೆ ದೂರದಿಂದ ಓಡಿ ಬಂದು ತಲೆ ಕೊಡಬೇಕು. ಬಾಗಿಲ ಮುಂದೆ ಹತ್ತು ಹೆಜ್ಜೆಗೆ ಗೋಡೆ ಇದ್ದರೆ ಅದು ಎಲ್ಲಿ ಓಡುತ್ತೆ? ದೇವಗಿರಿಯ ಬಾಗಿಲಿನ ಕಬ್ಬಿಣದ ಮುಳ್ಳುಗಳನ್ನ ಗಮನಿಸಿದ್ರಾ? ಆನೆಯ ಹಣೆ ತಾಗೋ ಎತ್ತರಕ್ಕೇ ಇವೆ.

ಪುಣೆಯ ಕನ್ನಡಿಗ
ಅಲ್ಲಿನ ಗೋಡೆಗಳ ಹೆಸರೂ ಹೇಳಿಬಿಡ್ತೀನಿ. ಊರನ್ನೆಲ್ಲ ಒಳಗೊಂಡ ಹೊರಗಿನದು ಅಂಬರಕೋಟ್, ಅದರೊಳಗೆ ಮಹಾಕೋಟ್, ಇನ್ನೂ ಒಳಗೆ ಕಾಲಾಕೋಟ್, ತುದಿಯಲ್ಲಿ ಬಾಲಾಕೋಟ್. ಮಹಾಕೋಟ್ ಬಾಗಿಲುಗಳ ನಡುವೆ ಪುಟ್ಟ ಪುಟ್ಟ ಅಂಗಳ ಬರ್ತಾವಲ್ಲ, ಅಲ್ಲಿ ಒಮ್ಮೆ ನಿಂತು ಸುತ್ತ ನೋಡಿ. ನಾಲ್ಕೂ ಕಡೆಯಿಂದ ಮೇಲೆ ನಿಂತವರ ಕಣ್ಣು ನಿಮ್ಮ ಮೇಲೇ. ಒಂದು ಬಾಗಿಲು ಗೆದ್ದು ಒಳಗೆ ಬಂದವನು ಬೋನಿನಲ್ಲಿ ಬಿದ್ದ ಹಾಗೆ.

ಶಾಸನಪ್ರಿಯ
ಇಲ್ಲೊಂದು ತಿದ್ದುಪಡಿ ಬೇಕು, ಯಾಕಂದ್ರೆ ಮೂಲ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಈಗ ನಾವು ನೋಡೋ ಕೋಟೆ 1296ರ ಕೋಟೆ ಅಲ್ಲ. ಸೇವುಣರ ನಂತರ ಖಿಲ್ಜಿ, ತುಘಲಕ್, ಬಹಮನಿ, ಅಹಮದನಗರದ ನಿಜಾಮಶಾಹಿ, ಮೊಗಲರು, ಎಲ್ಲರೂ ಸೇರಿಸುತ್ತಾ ಬಂದಿದ್ದಾರೆ. ಹೊರಗೋಡೆಗಳಲ್ಲಿ ಗುಡಿಗಳ ಕೆತ್ತಿದ ಕಲ್ಲುಗಳು ಅಡ್ಡಾದಿಡ್ಡಿ ಸೇರಿಕೊಂಡಿರೋದನ್ನ ನೋಡಿದರೇ ಗೊತ್ತಾಗುತ್ತೆ, ಆ ಗೋಡೆ ಸೇವುಣರು ಹೋದ ಮೇಲಿನದು ಅಂತ. ಕಂದಕ ಕೂಡ ತುಘಲಕ್ ಕಾಲದ್ದು ಅನ್ನುವವರಿದ್ದಾರೆ. ಸೇವುಣರೇ ಶುರು ಮಾಡಿದರು, ಮುಂದಿನವರು ಆಳ ಮಾಡಿದರು ಅನ್ನುವ ವಾದವೂ ಇದೆ. ನನಗೆ ಎರಡನೆಯದೇ ಸರಿ ಅನಿಸುತ್ತೆ.

14ನೇ ಶತಮಾನದಲ್ಲಿ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಗುಡ್ಡ ಹತ್ತೋಕೆ ಚರ್ಮದ ಏಣಿ ಇತ್ತು, ರಾತ್ರಿ ಅದನ್ನ ಮೇಲಕ್ಕೆ ಎಳೆದುಕೊಳ್ತಿದ್ದರು ಅಂತ ಬರೆದಿದ್ದಾನೆ. ಅದೇ ಕೋಟೆಯ ನೆಲಮಾಳಿಗೆಯ ಸೆರೆಮನೆಯಲ್ಲಿ ಬೆಕ್ಕಿಗಿಂತ ದೊಡ್ಡ ಇಲಿಗಳಿದ್ದವು ಅಂತಾನೂ ಬರೆದಿದ್ದಾನೆ.

ಸುಮ್ಮನೆ ಓದುಗ
ಉಪ್ಪಿನ ಚೀಲದ ಕಥೆ ಯಾರೂ ಹೇಳಲಿಲ್ಲವಲ್ಲ?

ಟ್ರೆಕ್ಕಿಂಗ್ ತಂಗಿ
ಏನದು ಉಪ್ಪಿನ ಚೀಲ? ಹೇಳಿ ಹೇಳಿ.

ಹಳೇಬೀಡಿನ ನಂಟು
ನಾನು ಹೇಳ್ತೀನಿ. ಅಲಾವುದ್ದೀನ್ ಆಗ ಇನ್ನೂ ಸುಲ್ತಾನ ಅಲ್ಲ, ಕಾರಾದ ಅಧಿಕಾರಿ. ಸುಲ್ತಾನನಾಗಿದ್ದ ಮಾವನಿಗೂ ಹೇಳದೆ ಸುಮಾರು 8,000 ಕುದುರೆ ಸವಾರರ ಜೊತೆ ವಿಂಧ್ಯ ದಾಟಿ ಬಂದ. ರಾಮಚಂದ್ರನ ಮಗ ಶಂಕರದೇವ ಅಷ್ಟೂ ಸೈನ್ಯ ಕರೆದುಕೊಂಡು ಬೇರೆ ಕಡೆ ಹೋಗಿದ್ದ. ರಾಜನ ಹತ್ತಿರ ಇದ್ದದ್ದು ಬೆರಳೆಣಿಕೆಯ ಜನ. ಊರು ಬಿಟ್ಟು ಗುಡ್ಡ ಹತ್ತಿದ. ಅವಸರದಲ್ಲಿ, ಊರಿನ ಕೆಳಗೆ ಹಾದು ಹೋಗ್ತಿದ್ದ ವ್ಯಾಪಾರಿಗಳು ಬಿಟ್ಟು ಓಡಿದ ಚೀಲಗಳನ್ನ ಧಾನ್ಯ ಅಂದುಕೊಂಡು ಮೇಲಕ್ಕೆ ಸಾಗಿಸಿದರು. ಮಗ ಸೈನ್ಯದ ಜೊತೆ ಓಡಿ ಬಂದು ಹೊರಗೆ ಕಾದಾಡಿದ, ಗೆಲ್ಲುವ ಹಾಗೂ ಇದ್ದ. ಅಷ್ಟರಲ್ಲಿ ಅಲಾವುದ್ದೀನನ ಸರದಾರ ನುಸ್ರತ್ ಖಾನನ ತುಕಡಿ ಎಬ್ಬಿಸಿದ ಧೂಳು ಕಂಡು, ದಿಲ್ಲಿಯ ದೊಡ್ಡ ಸೈನ್ಯವೇ ಬಂತು ಅಂತ ಸೇವುಣರ ದಂಡು ಚೆದುರಿತು. ಈಗ ಮೇಲಿದ್ದವರಿಗೆ ಉಳಿದದ್ದು ಚೀಲ ಮಾತ್ರ. ಬಿಚ್ಚಿ ನೋಡಿದರೆ ಉಪ್ಪು.

ಮಲಪ್ರಭೆಯ ದಂಡೆ
ಅಯ್ಯೋ! ಗೈಡ್ ಇದನ್ನ ಹೇಳಲೇ ಇಲ್ಲ. ಎಷ್ಟೋ ಮೆಟ್ಟಿಲು ಹೊತ್ತು ತಂದದ್ದು ಉಪ್ಪೇ?

ಶಾಸನಪ್ರಿಯ
ಕಥೆ ಚೆನ್ನಾಗಿದೆ, ಆದ್ರೆ ಇದನ್ನ ಹೇಳುವವನು ಪಾರ್ಸಿಯಲ್ಲಿ ಇತಿಹಾಸ ಬರೆದ ಫರಿಷ್ತಾ. ಘಟನೆ ನಡೆದು ಮುನ್ನೂರು ವರ್ಷ ಆದ ಮೇಲೆ ಬರೆದದ್ದು. ಉಪ್ಪಿನ ಚೀಲವನ್ನ ಕಣ್ಣಾರೆ ಕಂಡವರ ಮಾತು ಅಂತ ತಗೊಳ್ಳಬೇಡಿ.

ಗುಮ್ಮಟದ ನೆರಳು
ಫರಿಷ್ತಾ ಬರೆದದ್ದು ಎಲ್ಲಿ ಕೂತು ಅನ್ನೋದನ್ನೂ ಹೇಳ್ರಿ ಸರ್! ನಮ್ಮ ವಿಜಯಪುರದಾಗ, ಎರಡನೇ ಇಬ್ರಾಹಿಂ ಆದಿಲಶಾಹಿ ಆಸ್ಥಾನದಾಗ. ದೇವಗಿರಿ ಕಥಿ ಜಗತ್ತಿಗೆ ಹೋಗಿದ್ದೂ ಕರ್ನಾಟಕದ ಮ್ಯಾಲಿಂದನ.

ಹಳೇಬೀಡಿನ ನಂಟು
ಶಾಸನಪ್ರಿಯ ಸರ್, ಉಪ್ಪು ಸುಳ್ಳೇ ಇರಲಿ. ಮೇಲೆ ಕಾಳು ಇರಲಿಲ್ಲ, ಕಾಯೋಕೆ ಜನ ಇರಲಿಲ್ಲ ಅನ್ನೋದು ಸುಳ್ಳಾಗುತ್ತಾ? ಕೋಟೆ ಅಂದ ಕೂಡಲೇ ನಾವೆಲ್ಲ ಗೋಡೆ ಅಳೀತೀವಿ. ಕಣಜ ಅಳೆಯೋದಿಲ್ಲ. ಇದೇ ದೇವಗಿರಿ 1633ರಲ್ಲಿ ಮತ್ತೆ ಬಿತ್ತು. ಮೊಗಲರ ಮಹಾಬತ್ ಖಾನ್ ಸುರಂಗ ತೋಡಿ ಮದ್ದು ತುಂಬಿ ಹೊರಗೋಡೆಗಳನ್ನ ಹಾರಿಸಿದ, ಸರಿ. ಆದ್ರೆ ಗುಡ್ಡದ ಮೇಲೆ ಕೂತಿದ್ದ ಫತೇಖಾನ್, ಅಂದ್ರೆ ಅಹಮದನಗರದ ನಿಜಾಮಶಾಹಿಯ ಮಂತ್ರಿಯಾಗಿದ್ದ ಮಲಿಕ್ ಅಂಬರನ ಮಗ, ಕೊನೆಗೆ ಬೀಗದ ಕೈ ಕೊಟ್ಟದ್ದು ತಿನ್ನೋಕೆ ಇಲ್ಲದೆ. ಸುಮಾರು ನಾಲ್ಕು ತಿಂಗಳ ಮುತ್ತಿಗೆ. ಆ ಕಡಿದ ಬಂಡೆಯನ್ನ ಯಾರೂ ಏಣಿ ಹಾಕಿ ಹತ್ತಿ ಗೆಲ್ಲಲಿಲ್ಲ. ಎರಡು ಸಲವೂ ಹೊಟ್ಟೆಯೇ ಬಾಗಿಲು ತೆಗೆದದ್ದು.

ಇನ್ನೊಂದು ಸಂಕಟ ಹೇಳ್ತೀನಿ, ಇದು ನಮ್ಮೂರಿನದು. 1307ರಲ್ಲಿ ಅಲಾವುದ್ದೀನನ ಸೇನಾಪತಿ ಮಲಿಕ್ ಕಾಫರ್ ಬಂದು ರಾಮಚಂದ್ರನನ್ನ ದಿಲ್ಲಿಗೆ ಕರೆದೊಯ್ದ. ಅಲ್ಲಿ ಮರ್ಯಾದೆ ಮಾಡಿ, ರಾಯ್ ರಾಯಾನ್ ಅಂತ ಬಿರುದು ಕೊಟ್ಟು ಕಳಿಸಿದರು. 1311ರಲ್ಲಿ ಅದೇ ಕಾಫರ್ ದ್ವಾರಸಮುದ್ರದ, ಅಂದ್ರೆ ನಮ್ಮ ಹಳೇಬೀಡಿನ ಮೇಲೆ ಬಂದಾಗ ಬೀಡು ಬಿಟ್ಟದ್ದು ದೇವಗಿರಿಯಲ್ಲಿ. ದಾರಿ ತೋರಿಸಿ, ಸಾಮಾನು ಒದಗಿಸಿ ಕಳಿಸಿದವರು ದೇವಗಿರಿಯವರೇ. ಆ ಹೊತ್ತಿಗೆ ಹೊಯ್ಸಳ ರಾಜ ಮುಮ್ಮಡಿ ಬಲ್ಲಾಳ ಎಲ್ಲಿದ್ದ? ಪಾಂಡ್ಯರ ಅಣ್ಣತಮ್ಮಂದಿರ ಜಗಳದಲ್ಲಿ ಲಾಭ ಸಿಗುತ್ತೇನೋ ಅಂತ ತಮಿಳುನಾಡಿನ ಕಡೆ. 1296ರಲ್ಲಿ ದೇವಗಿರಿ ಸೈನ್ಯ ಮನೆಯಲ್ಲಿ ಇರಲಿಲ್ಲ, 1311ರಲ್ಲಿ ಹಳೇಬೀಡಿನ ಸೈನ್ಯ ಮನೆಯಲ್ಲಿ ಇರಲಿಲ್ಲ. ಹಳೇಬೀಡಿನ ಹಳೇ ಕೋಟೆಗೋಡೆ ಮೇಲೆ ಸಂಜೆ ಕೂತಾಗಲೆಲ್ಲ ನನಗೆ ಇದೇ ನೆನಪಾಗೋದು.

ದುರ್ಗದ ಹುಡುಗ
ದೇವಗಿರಿಯವರು ದಾರಿ ತೋರಿಸಿದರು ಅಂತ ಬೈಯೋ ಮುಂಚೆ, ಅದರ ಹಿಂದಿನ ನೂರು ವರ್ಷ ಹೊಯ್ಸಳರು ಸೇವುಣರು ಏನು ಮಾಡಿಕೊಂಡರು ಅದನ್ನೂ ನೋಡಬೇಕಲ್ಲ ಅಣ್ಣ? 1276ರಲ್ಲಿ ಸೇವುಣರ ದಂಡನಾಯಕ ಸಾಳುವ ತಿಕ್ಕಮ ದೋರಸಮುದ್ರದವರೆಗೂ ನುಗ್ಗಿದ್ದ. ಬೆಳವಾಡಿಯಲ್ಲಿ ಹೊಯ್ಸಳರು ಹೊಡೆದು ಓಡಿಸಿದರು.

ಹಳೇಬೀಡಿನ ನಂಟು
ನಾನು ಬೈಯಲಿಲ್ಲ ತಮ್ಮ, ಸಂಕಟ ಹೇಳಿಕೊಂಡೆ. ಬೆಳವಾಡಿ ನಮ್ಮ ಮನೆಯಿಂದ ಬೈಕಿನಲ್ಲಿ ಇಪ್ಪತ್ತು ನಿಮಿಷ.

ಶಾಸನಪ್ರಿಯ
ಅದೇ ತಿಕ್ಕಮ ವಾಪಸ್ ಹೋಗುವಾಗ ಹರಿಹರದಲ್ಲಿ ನಿಂತು ಲಕ್ಷ್ಮೀನಾರಾಯಣನ ಗುಡಿ ಕಟ್ಟಿಸಿದ, 1277ರಲ್ಲಿ. ಅಲ್ಲಿನ ಹರಿಹರೇಶ್ವರ ಗುಡಿ ಕಟ್ಟಿಸಿದ್ದು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ. ಹೊಡೆದಾಡಿದ ಎರಡೂ ಕಡೆಯವರು ಒಂದೇ ಹರಿಹರಕ್ಕೆ ಬಂದು ಕೈ ಮುಗಿದಿದ್ದಾರೆ.

ಕಲಬುರಗಿ ಬಿಸಿಲು
ತಡವಾಗಿ ಬಂದೆ, ಕ್ಷಮಿಸ್ರಿ. ನಮ್ಮ ಕಲಬುರಗಿ ಹೆಸರು ಇನ್ನೂ ಬರಲಿಲ್ಲ ಅಂತ ಓದಕೋತ ಕಾಯ್ದೆ.

1347ರಾಗ ಬಹಮನಿ ರಾಜ್ಯದ ಮೊದಲ ಸುಲ್ತಾನ ಅಲಾವುದ್ದೀನ್ ಹಸನ್ ಪಟ್ಟಕ್ಕೆ ಕೂತದ್ದು ಇದೇ ದೌಲತಾಬಾದಿನಾಗ. ಆಮೇಲೆ ರಾಜಧಾನಿ ಕಲಬುರಗಿಗೆ ಬಂತು. ಇಂಥ ಗುಡ್ಡದ ಕೋಟಿ ಬಿಟ್ಟು ನಮ್ಮ ಬಯಲಿಗೆ ಯಾಕ ಬಂದ ಅಂತ ನಾನು ಸಣ್ಣವಿದ್ದಾಗಿಂದ ಕೇಳತೀನಿ. ನನಗ ಅನಿಸೋದು, ಗುಡ್ಡ ಅಡಗಿ ಕೂಡಲಿಕ್ಕೆ ಚಲೋ, ರಾಜ್ಯ ಕಟ್ಟಲಿಕ್ಕೆ ನಾಡಿನ ನಡುವ ಇರಬೇಕು. ದೌಲತಾಬಾದ್ ದಿಲ್ಲಿಯವರ ಕಣ್ಣಿಗೆ ಹತ್ತಿರನೂ ಆಗ್ತಿತ್ತು.

ಮತ್ತೊಂದು. ನಮ್ಮ ಖಾಜಾ ಬಂದೇನವಾಜರು ಸಣ್ಣ ಹುಡುಗ ಇದ್ದಾಗ ಅಪ್ಪನ ಸಂಗಡ ದಿಲ್ಲಿಯಿಂದ ದೌಲತಾಬಾದಿಗೇ ಬಂದವರು. ಅವರ ತಂದೆ ಗೋರಿ ಅಲ್ಲೇ ಬಾಜೂಕ ಖುಲ್ದಾಬಾದಿನಾಗ ಅದ. ಉರುಸಿಗೆ ಹೋಗೋ ನಮ್ಮ ಓಣಿ ಮಂದಿ ಕೆಲವರು ಅಲ್ಲಿಗೂ ಹೋಗಿ ಹೂವಿನ ಚಾದರ ಹೊದಿಸಿ ಬರ್ತಾರ.

ಸುಮ್ಮನೆ ಓದುಗ
ಅಂದ್ರೆ ತುಘಲಕ್ ದಿಲ್ಲಿ ಜನರನ್ನೆಲ್ಲ ಎಬ್ಬಿಸಿ ಕರ್ಕೊಂಡು ಬಂದಾಗ ಬಂದವರಾ? ಆ ತುಘಲಕ್ ದರ್ಬಾರಿನಲ್ಲಿ?

ಶಾಸನಪ್ರಿಯ
ಹೌದು, ಆದ್ರೆ "ಜನರನ್ನೆಲ್ಲ" ಅನ್ನೋದು ಉತ್ಪ್ರೇಕ್ಷೆ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದೇವಗಿರಿಗೆ ದೌಲತಾಬಾದ್ ಅಂತ ಹೆಸರಿಟ್ಟು ರಾಜಧಾನಿ ಮಾಡಿದಾಗ ಹೊರಟವರು ಹೆಚ್ಚಾಗಿ ಅಮೀರರು, ಸೈನ್ಯದವರು, ವಿದ್ವಾಂಸರು, ಸೂಫಿಗಳು, ಅವರ ಮನೆಮಂದಿ, ಆಳುಕಾಳು. ದಾರಿಯಲ್ಲಿ ಸತ್ತವರಿದ್ದಾರೆ, ಕಷ್ಟಪಟ್ಟವರಿದ್ದಾರೆ. ಆದ್ರೆ ದಿಲ್ಲಿ ಪೂರ್ತಿ ಖಾಲಿ ಆಗಲಿಲ್ಲ. ಕೆಲವು ವರ್ಷಕ್ಕೆ ಸುಲ್ತಾನ ವಾಪಸ್ ಹೋದ. ಬಂದವರಲ್ಲಿ ಎಷ್ಟೋ ಜನ ಇಲ್ಲೇ ಉಳಿದರು. ಅವರ ಜೊತೆ ಬಂದ ದಿಲ್ಲಿಯ ಆಡುಮಾತಿಗೆ ಇಲ್ಲಿಯ ಮರಾಠಿ, ಕನ್ನಡ, ತೆಲುಗಿನ ಗಾಳಿ ತಾಗಿ ದಖ್ಖನಿ ಬೆಳೀತು.

ಗಂಗಾವತಿ ಭತ್ತ
ಅದೇ 1327ಕ್ಕೆ ನಮ್ಮ ಕಡೆ ಏನಾಯ್ತು ಗೊತ್ತಾ? ತುಘಲಕ್ ಮೇಲೆ ದಂಗೆ ಎದ್ದ ಬಹಾವುದ್ದೀನ್ ಗುರ್ಶಾಸ್ಪ್ ಸಗರದಿಂದ ಓಡಿ ಬಂದು ನಮ್ಮ ಕಂಪಿಲರಾಯನ ಮೊರೆ ಹೊಕ್ಕ. ಮೊರೆ ಬಂದವನನ್ನ ಕೊಡಲ್ಲ ಅಂತ ಕಂಪಿಲ ನಿಂತ. ಕುಮ್ಮಟದುರ್ಗ ಬಿತ್ತು, ಕಂಪಿಲ ಸತ್ತ. ನಮ್ಮೂರ ಕಡೆ ಅವನ ಮಗ ಕುಮಾರರಾಮನ ಹೆಸರು ಇವತ್ತಿಗೂ ಹಾಡಲ್ಲಿದೆ. ಗುರ್ಶಾಸ್ಪ್ ಹಳೇಬೀಡಿಗೆ ಓಡಿದ, ಬಲ್ಲಾಳ ಹಿಡಿದು ಒಪ್ಪಿಸಿದ.

ಕುಮ್ಮಟದುರ್ಗಕ್ಕೆ ಯಾರಾದ್ರೂ ಹೋಗಿದ್ದೀರಾ? ಟಿಕೆಟ್ಟೂ ಇಲ್ಲ, ಫಲಕವೂ ಇಲ್ಲ. ಜಾಲಿ ಮುಳ್ಳು ಸರಿಸಿಕೊಂಡು ಹತ್ತಬೇಕು. ದೇವಗಿರಿಗೆ ನೀವೆಲ್ಲ ಹೋಗಿ ಬಂದದ್ದು ಓದಿ ಖುಷಿ ಆಯ್ತು, ನಮ್ಮದನ್ನ ನೆನೆದು ಹೊಟ್ಟೆ ಉರೀತು.

ಹಳೇಬೀಡಿನ ನಂಟು
ಬಲ್ಲಾಳ ಒಪ್ಪಿಸಿದ ಅನ್ನೋದು ನಮಗೂ ನುಂಗಲಾರದ ತುತ್ತು. ಕಂಪಿಲನ ಗತಿ ಕಂಡ ಮೇಲೆ ಅವನಿಗೆ ಬೇರೆ ದಾರಿ ಇತ್ತಾ ಅಂತಾನೂ ಕೇಳಬೇಕು.

ಗಂಗಾವತಿ ಭತ್ತ
ಇತ್ತು. ಕಂಪಿಲನಿಗೆ ಇದ್ದದ್ದೇ.

ಟ್ರೆಕ್ಕಿಂಗ್ ತಂಗಿ
ಅಬ್ಬಾ, ಇದು ಬೇರೆಯದೇ ಚರ್ಚೆ ಆಗುತ್ತೆ, ಕುಮ್ಮಟದುರ್ಗಕ್ಕೆ ಹೊಸದಾಗಿ ಶುರು ಮಾಡಿ ಅಣ್ಣ, ನಾನೂ ಬರ್ತೀನಿ. ನನಗೆ ಅಂಧೇರಿ ಬಗ್ಗೆ ಹೇಳಿ. ಬಿಸಿ ಎಣ್ಣೆ ಸುರೀತಿದ್ರು, ಮೊಸಳೆ ಬಿಡ್ತಿದ್ರು ಅಂತೆಲ್ಲ ಗೈಡುಗಳು ಹೇಳ್ತಾರೆ, ನಿಜಾನಾ?

ಪುಣೆಯ ಕನ್ನಡಿಗ
ಎಣ್ಣೆ, ಮೊಸಳೆ ನನಗೂ ಅನುಮಾನ. ಆದ್ರೆ ಹೊಗೆಯ ಯುಕ್ತಿಗೆ ಜಾಗ ಕಣ್ಣಿಗೇ ಕಾಣುತ್ತೆ. ಸುರಂಗದ ಮೇಲ್ತುದಿಗೆ ಕಬ್ಬಿಣದ ಮುಚ್ಚಳ, ಅದರ ಮೇಲೆ ಬೆಂಕಿ. ಪಕ್ಕದಲ್ಲಿ ಗಾಳಿ ನುಗ್ಗೋಕೆ ಕಿಂಡಿ. ಕೆಳಗೆ ಕತ್ತಲಲ್ಲಿ ಸಾಲಾಗಿ ಹತ್ತುತ್ತಿರುವವರಿಗೆ ಮೇಲೆ ಕೆಂಪಗೆ ಕಾದ ಮುಚ್ಚಳ, ಒಳಗೆ ಹೊಗೆ, ಹಿಂದಿನಿಂದ ತಮ್ಮವರದೇ ನೂಕು. ಸುರಂಗ ತಿರುತಿರುಗಿ ಹತ್ತೋದ್ರಿಂದ ದಿಕ್ಕೂ ತಪ್ಪುತ್ತೆ. ನಾನು ಮೊದಲ ಸಲ ಹೋದಾಗ ಹೊರಗೆ ಬಂದ ಮೇಲೆ ಸೂರ್ಯ ಯಾವ ಕಡೆ ಅಂತ ಹುಡುಕಿದ್ದೆ.

ಉಳಿ ಸುತ್ತಿಗೆ
ಅಂಧೇರಿ ಮೆಟ್ಟಿಲು ಅಳತೆ ಒಂದಕ್ಕೊಂದು ಸಮ ಇಲ್ಲ, ಗಮನಿಸೀರಾ? ಒಂದು ಗೇಣು, ಮುಂದಿನದು ಒಂದೂವರೆ ಗೇಣು. ಕಲ್ಲುಕುಟಿಗನಿಗೆ ಕೈ ತಪ್ಪಿದ್ದಲ್ಲ ಅದು. ಸಮ ಮಾಡೋದು ಅವನಿಗೆ ಸುಲಭ. ಕತ್ತಲಲ್ಲಿ ಓಡಬಾರದು ಅಂತಲೇ ಹಂಗ ಮಾಡ್ಯಾನ ಅಂತ ನನ್ನ ಎಣಿಕೆ.

ಮಲಪ್ರಭೆಯ ದಂಡೆ
ಹೌದು! ಅವ್ವ ಎರಡು ಸಲ ಎಡವಿದ್ದು ಅದಕ್ಕೇ. ಗುಮ್ಮಟದ ನೆರಳು ಅವರಿಗೊಂದು ಪ್ರಶ್ನೆ. ಮೇಲೆ ಹತ್ತುವಾಗ ನೀಲಿ ಬಿಳಿ ಹಂಚುಗಳಿರೋ ಒಂದು ಹಾಳು ಮನೆ ಸಿಕ್ತು, ಚೀನಿ ಮಹಲ್. ಗೋಲ್ಕೊಂಡದ ರಾಜನನ್ನ ಅಲ್ಲಿ ಇಟ್ಟಿದ್ದರು ಅಂದ ಗೈಡ್. ವಿಜಯಪುರದ ಸುಲ್ತಾನನೂ ಅಲ್ಲೇ ಇದ್ದನಂತೆ?

ಗುಮ್ಮಟದ ನೆರಳು
ಹೌದ್ರಿ ಅಕ್ಕ. ಔರಂಗಜೇಬ 1686ಕ್ಕ ವಿಜಯಪುರ ತಗೊಂಡ, ಮರುವರ್ಷ ಗೋಲ್ಕೊಂಡ. ನಮ್ಮ ಕಡೀ ಸುಲ್ತಾನ ಸಿಕಂದರ್ ಆದಿಲಶಾಹನ್ನ ದೌಲತಾಬಾದ್ ಕೋಟ್ಯಾಗ ಸೆರಿ ಇಟ್ಟ. ಪಟ್ಟಕ್ಕ ಕೂತಾಗ ನಾಲ್ಕೈದು ವರ್ಷದ ಕೂಸು, ಸೆರಿ ಸಿಕ್ಕಾಗ ಇನ್ನೂ ಮೀಸಿ ಚಿಗುರೋ ವಯಸ್ಸು. ಗೋಲ್ಕೊಂಡದ ಅಬುಲ್ ಹಸನ್ ತಾನಾಶಾಹ ಆಮ್ಯಾಲೆ ಅಲ್ಲೇ ಬಂದ, ಹತ್ತು ವರ್ಷಕ್ಕೂ ಮಿಕ್ಕಿ ಇದ್ದು ಅಲ್ಲೇ ತೀರಿಕೊಂಡ. ಸಿಕಂದರನ ಗೋರಿ ಮಾತ್ರ ನಮ್ಮೂರಾಗ ಅದ. ಗುಮ್ಮಟ ಇಲ್ಲ, ಬಯಲಾಗ ಸಾದಾ ಗೋರಿ. ಗೋಲಗುಮ್ಮಟಕ್ಕ ಬಂದವರು ಯಾರೂ ಅಲ್ಲಿಗೆ ಹೋಗೋದಿಲ್ಲ. ನಮ್ಮಜ್ಜ ನನ್ನನ್ನ ಒಮ್ಮೆ ಕರಕೊಂಡು ಹೋಗಿ ತೋರಿಸಿದ್ದ.

ಟ್ರೆಕ್ಕಿಂಗ್ ತಂಗಿ
ಮುಂದಿನ ಸಲ ವಿಜಯಪುರ ಬಂದಾಗ ಅಲ್ಲಿಗೆ ಹೋಗ್ತೀನಿ. ಹೋಗುವವರಿಗೆ ಒಂದು ಮಾತು: ದೇವಗಿರಿಗೆ ಬೆಳಿಗ್ಗೆ ಬೇಗ ಹೋಗಿ, ನೀರು ಬೇಕೇ ಬೇಕು, 750 ಮೆಟ್ಟಿಲು ಅಂತಾರೆ. ಕೈಯಲ್ಲಿ ತಿಂಡಿ ಕಂಡರೆ ಮಂಗ ಬಿಡಲ್ಲ. ಸೀತಾಫಲದ ಕಾಲವಾದ್ರೆ ಕೆಳಗೆ ಬುಟ್ಟಿ ಇಟ್ಟುಕೊಂಡು ಕೂತಿರ್ತಾರೆ, ತಪ್ಪಿಸಬೇಡಿ.

ಪುಣೆಯ ಕನ್ನಡಿಗ
ಮೇಲೆ ಬಾರಾದರಿ ಅನ್ನೋ ಮಂಟಪ ದಾಟಿ ತುದಿಗೆ ಹೋದರೆ ಜನಾರ್ದನಸ್ವಾಮಿಯ ಸ್ಥಾನ ಇದೆ. ಪೈಠಣದ ಸಂತ ಏಕನಾಥರ ಗುರು, ಇದೇ ಕೋಟೆಯಲ್ಲಿ ಅಧಿಕಾರಿಯಾಗಿದ್ದವರು. ಹತ್ತಿರದಲ್ಲೇ ದೊಡ್ಡ ತೋಪು, ಅಂದ್ರೆ ಫಿರಂಗಿ. ನನ್ನ ಮಗಳಿಗೆ ತೋಪಿನಲ್ಲಿ ಹಿಡಿಸಿದ್ದು ಮಾತ್ರ ಕೆಳಗಿನ ಮೇಂಢಾ ತೋಪು, ಹಿಂಬದಿಗೆ ಟಗರಿನ ತಲೆ ಇರೋದು.

ನೀರಲಗಿ ದಾರಿ
ಎರಡು ದಿನದಿಂದ ಸುಮ್ಮನೆ ಓದ್ತಿದ್ದೆ, ಇವತ್ತು ಬರೀಲೇಬೇಕು ಅನಿಸ್ತು. ನಾನು ಹಾವೇರಿ ಜಿಲ್ಲೆಯವನು. ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲಿದೆ. ಅರ್ಧ ಮಣ್ಣಲ್ಲಿ ಹೂತಿದೆ. ದನ ಕಾಯೋ ಹುಡುಗರು ಅದರ ಮೇಲೆ ಕೂತು ಕೂತು ತಲೆ ನುಣ್ಣಗಾಗಿದೆ. ನಾನೂ ಕೂತವನೇ. ನಮ್ಮ ಮೇಷ್ಟ್ರು ಒಬ್ಬರು ಅದರಲ್ಲಿ "ಸಿಂಘಣ" ಅಂತ ಇದೆ ಅಂದಿದ್ದರು, ಆಗ ನಾನು ಆರನೇ ಕ್ಲಾಸು, ಯಾವುದೋ ದೇವರ ಹೆಸರು ಅಂದುಕೊಂಡಿದ್ದೆ. ಶಾಸನಪ್ರಿಯ ಸರ್, ಅದು ದೇವಗಿರಿಯ ಸಿಂಘಣನೇ ಇರಬಹುದಾ?

ಶಾಸನಪ್ರಿಯ
ಖಂಡಿತ ಇರಬಹುದು! ಸಿಂಘಣನ ಕಾಲದಲ್ಲೇ ಸೇವುಣರು ನಿಮ್ಮ ಸೀಮೆಯನ್ನ ಹಿಡಿದದ್ದು. ಅಂದ್ರೆ 13ನೇ ಶತಮಾನದ ಮೊದಲ ಅರ್ಧ. ಫೋಟೊ ಹಾಕ್ತೀರಾ?

ನೀರಲಗಿ ದಾರಿ
ಬೆಳಿಗ್ಗೆ ತೆಗೆದೆ ಸರ್, ಅಕ್ಷರ ಏನೂ ಕಾಣ್ತಿಲ್ಲ. ಹಿಟ್ಟು ಸವರಿ ತೆಗೀಲಾ?

ಶಾಸನಪ್ರಿಯ
ದಯವಿಟ್ಟು ಹಿಟ್ಟು, ಸುಣ್ಣ, ಸೀಮೆಸುಣ್ಣ ಏನೂ ಸವರಬೇಡಿ. ಬಾಚಿಯಲ್ಲಿ ಕೆರೆಯಲೂಬೇಡಿ. ಬರೀ ನೀರಿನಲ್ಲಿ ಮೆತ್ತಗಿನ ಬಟ್ಟೆಯಿಂದ ಮಣ್ಣು ಒರೆಸಿ. ಕತ್ತಲಾದ ಮೇಲೆ ಇನ್ನೊಬ್ಬರನ್ನ ಕರೆದುಕೊಂಡು ಹೋಗಿ. ಅವರು ಬ್ಯಾಟರಿಯನ್ನ ಕಲ್ಲಿನ ಮಗ್ಗುಲಿಗೆ, ಹೆಚ್ಚುಕಡಿಮೆ ಕಲ್ಲಿಗೆ ಅಂಟಿಸಿ ಹಿಡಿಯಲಿ, ಬೆಳಕು ಅಡ್ಡಡ್ಡ ಹರೀಬೇಕು. ನೀವು ಎದುರು ನಿಂತು ಫೋಟೊ ತೆಗೀರಿ. ಹಗಲಲ್ಲಿ ಕಾಣದ ಅಕ್ಷರ ಆಗ ನೆರಳು ಕಟ್ಟಿ ಎದ್ದು ಬರುತ್ತೆ. ಪಟ್ಟಿಕೆಗಳ ನಡುವಿನ ಅಂಚುಗಳನ್ನ ಬಿಡಬೇಡಿ, ಬರಹ ಅಲ್ಲೇ ಇರುತ್ತೆ. "ಯಾದವನಾರಾಯಣ" ಅಥವಾ "ಪ್ರೌಢಪ್ರತಾಪ ಚಕ್ರವರ್ತಿ" ಅಂತ ಸಿಕ್ಕರೆ ಆಮೇಲೆ ಅನುಮಾನವೇ ಇಲ್ಲ. ಅವು ಸೇವುಣರ ಬಿರುದುಗಳು.

ಉಳಿ ಸುತ್ತಿಗೆ
ಕಲ್ಲಿನ ಸುತ್ತ ಅಗೀಬ್ಯಾಡ್ರಿ. ವಾಲಿ ಬಿದ್ದರೆ ಮುರೀತದ.

ಮಲಪ್ರಭೆಯ ದಂಡೆ
ಅಣ್ಣ, ಯಾವಾಗ ಹೋಗ್ತೀರಿ? ಅವ್ವ ಪಕ್ಕದಲ್ಲೇ ಕೂತು ಕೇಳ್ತಿದ್ದಾಳೆ.

ನೀರಲಗಿ ದಾರಿ
ಇವತ್ತೇ. ಅಣ್ಣನ ಮಗ ಬ್ಯಾಟರಿ ಹಿಡೀತೀನಿ ಅಂದಿದ್ದಾನೆ. ಏಳೂವರೆಗೆ ಕೆರೆ ಏರಿ ಹತ್ತಿರ ಇರ್ತೀವಿ. ಫೋಟೊ ಬಂದ ಕೂಡಲೇ ಇಲ್ಲೇ ಹಾಕ್ತೀನಿ.